ಹಲ್ಲಿ ಮೇಷ್ಟ್ರ ಅಕ್ಕ ಗೇರ್ ಹಾಕಿದ್ದು

ಡ್ರೈವಿಂಗ್ ಕಲಿಸುವ ಮೇಷ್ಟ್ರಿಗೆ ಬಡಾವಣೆಯವರು ಇಟ್ಟಿದ್ದ ಹೆಸರು ಹಲ್ಲಿ ಮೇಷ್ಟ್ರು. ಈ ಹೆಸರು ಮೂಲೆಯ ಹಾಲಿನ ಅಂಗಡಿಯವನಿಗೆ ಗೊತ್ತಿತ್ತು, ಪೆಟ್ರೋಲ್ ಬಂಕಿನಲ್ಲಿ ಚಕ್ರಕ್ಕೆ ಗಾಳಿ ಹೊಡೆಯುವವನಿಗೆ ಗೊತ್ತಿತ್ತು, ಮೇಷ್ಟ್ರ ಸ್ವಂತ ಹೆಂಡತಿಗೂ ಗೊತ್ತಿತ್ತು. ಗೊತ್ತಿಲ್ಲದವರು ಇಬ್ಬರೇ. ಒಬ್ಬರು ಮೇಷ್ಟ್ರು. ಇನ್ನೊಬ್ಬಳು ಅವರ ಅಕ್ಕ, ಯಾಕೆಂದರೆ ಅವಳ ತಮ್ಮನನ್ನು ಅವಳೆದುರಿಗೇ ಆಡಿಕೊಳ್ಳುವಷ್ಟು ಗುಂಡಿಗೆ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಮೇಷ್ಟ್ರಿಗೆ ಬಹುವಚನ ಕೊಟ್ಟು ಅಕ್ಕನಿಗೆ ಏಕವಚನ ಯಾಕೆ ಅಂತ ಕೇಳಬೇಡಿ. ಅಕ್ಕ ಅಂದ ಮೇಲೆ ಏಕವಚನವೇ ಮರ್ಯಾದೆ.

ಹೆಸರಿಗೆ ಕಾರಣ ಒಂದು ಸದ್ದು. ಕಲಿಯಲು ಬಂದವರು ಕಾರನ್ನು ಮೊದಲ ಗೇರಿನಲ್ಲಿ ಹೊರಡಿಸುತ್ತಾರೆ, ಎಂಜಿನ್ನಿನ ದನಿ ಮೆಲ್ಲಗೆ ಏರುತ್ತದೆ, ಇನ್ನು ಎರಡನೆಯದಕ್ಕೆ ಹಾಕಬೇಕು ಅನ್ನುವ ಹೊತ್ತಿಗೆ ಸರಿಯಾಗಿ, ಪಕ್ಕದ ಸೀಟಿನಲ್ಲಿ ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೂತ ಮೇಷ್ಟ್ರ ನಾಲಿಗೆ ಅಂಗುಳಕ್ಕೆ ಅಂಟಿ ಬಿಡುತ್ತದೆ. ಲೊಚ್. ಗೋಡೆಯ ಮೇಲಿನ ಹಲ್ಲಿಯದೂ ಇದೇ ಸದ್ದು. ಇಪ್ಪತ್ತಾರು ವರ್ಷ, ದಿನಕ್ಕೆ ಐದಾರು ಜನ, ಗೇರಿಗೊಂದು ಲೊಚ್. ಮೇಷ್ಟ್ರಿಗೆ ಮಾತ್ರ ಅದರ ಅರಿವೇ ಇರಲಿಲ್ಲ. "ನಾನು ಜಾಸ್ತಿ ಮಾತಾಡೋನಲ್ಲ. ಕಲಿಯೋರ ಹತ್ರ ಎಂಜಿನ್ನೇ ಮಾತಾಡ್ಬೇಕು" ಎಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದರು.

ಅವರಿಗೆ ಇನ್ನೊಂದು ಹೆಮ್ಮೆಯೂ ಇತ್ತು. ಅವರ ಹತ್ತಿರ ಕಲಿತವರು ಎರಡನೇ ಸಲಕ್ಕೆ ಪಾಸಾಗುವುದು ಗ್ಯಾರಂಟಿ. ಮೊದಲ ಸಲಕ್ಕೆ ಯಾಕಿಲ್ಲ ಅಂತ ಕೇಳಿದರೆ ಅದಕ್ಕೊಂದು ಸಿದ್ಧ ಉತ್ತರ: "ಮೊದಲ ಸಲ ಸೀಟಲ್ಲಿ ಭಯ ಕೂತಿರುತ್ತೆ. ಎರಡನೇ ಸಲ ನೀವು ಕೂತಿರ್ತೀರಿ." ಕೇಳಿದವರು ತಲೆದೂಗುತ್ತಿದ್ದರು. ನಿಜ ಹೇಳಬೇಕೆಂದರೆ, ಮೊದಲ ಸಲ ಫೇಲಾದವರು ನಾಚಿಕೆಗೆ ಮನೆಯ ಕಾರನ್ನೋ ಮಾವನ ಕಾರನ್ನೋ ತೆಗೆದುಕೊಂಡು ಹೋಗಿ ಬೇರೆಯವರ ಪಕ್ಕದಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದರು. ಈ ಸಣ್ಣ ಸಂಗತಿ ಮೇಷ್ಟ್ರ ಲೆಕ್ಕಕ್ಕೆ ಬಂದಿರಲಿಲ್ಲ.

ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರ್ ಸಾಹೇಬರು ಒಮ್ಮೆ ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಕೇಳಿದ್ದುಂಟು. "ಅಲ್ಲಾರೀ, ನಿಮ್ಮ ಶಿಷ್ಯಂದಿರೆಲ್ಲ ಗಾಡಿ ಹೊರಡಿಸಿದ ಮೇಲೆ ರಸ್ತೆ ಬಿಟ್ಟು ನನ್ನ ಬಾಯೇ ನೋಡ್ತಾರಲ್ಲ, ಯಾಕೆ? ನನ್ನ ಹಲ್ಲಲ್ಲಿ ಏನಾದ್ರೂ ಸಿಕ್ಕೊಂಡಿರುತ್ತಾ?"

"ಭಯ ಸಾರ್, ಭಯ" ಎಂದರು ಮೇಷ್ಟ್ರು. ಸಾಹೇಬರು ಅಂದಿನಿಂದ ಪರೀಕ್ಷೆಯ ದಿನ ಜೇಬಿನಲ್ಲಿ ಪುಟ್ಟ ಕನ್ನಡಿ ಇಟ್ಟುಕೊಂಡು ಬರತೊಡಗಿದರು.

ಹೀಗೆ ಎಲ್ಲ ಸುಖವಾಗಿ ನಡೆಯುತ್ತಿದ್ದಾಗ ಅಕ್ಕ ಕಾರು ಕಲಿಯುತ್ತೇನೆ ಎಂದಳು.

ಅಕ್ಕ ಮೇಷ್ಟ್ರಿಗಿಂತ ಆರು ವರ್ಷ ದೊಡ್ಡವಳು, ಐವತ್ತನಾಲ್ಕು. ಮದುವೆ ಬೇಡ ಎಂದಳು, ಯಾಕೆ ಎಂದು ಕೇಳಿದವರಿಗೆ ಬೈದಳು, ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ತಮ್ಮನ ಮನೆಯ ಮಹಡಿಯಲ್ಲಿ ಅವಳ ವಾಸ. ಇಪ್ಪತ್ತೆಂಟು ವರ್ಷದಿಂದ ದೊಡ್ಡ ಲೈಬ್ರರಿಯ ನೆಲಮಾಳಿಗೆಯಲ್ಲಿ ಕೆಲಸ. ಬೆನ್ನು ಮುರಿದ ಪುಸ್ತಕ, ಹಾಳೆ ಕಳಚಿದ ಪುಸ್ತಕ, ಯಾರೋ ಚಹಾ ಚೆಲ್ಲಿದ ಪುಸ್ತಕ, ಎಲ್ಲ ಅವಳ ಮೇಜಿಗೆ ಬರುತ್ತವೆ. ಅಂಟು ಹಚ್ಚಿ, ಹೊಲಿದು, ಬಟ್ಟೆ ಕೂರಿಸಿ ಮೇಲೆ ಕಳಿಸುತ್ತಾಳೆ. ಮೇಲೆ ಯಾರು ಓದುತ್ತಾರೋ ಅವಳಿಗೆ ಕಾಣದು. ಕಿಟಕಿಯೊಂದಿದೆ, ಅದರಲ್ಲಿ ಕಾಣುವುದು ದಾರಿಹೋಕರ ಪಾದ ಮಾತ್ರ.

ಲೈಬ್ರರಿಗೆ ಒಂದು ವ್ಯಾನೂ ಇತ್ತು. ಒಳಗೆ ಎರಡು ಕಡೆ ಕಪಾಟು, ಮಧ್ಯೆ ಒಬ್ಬರು ಓಡಾಡುವಷ್ಟು ಜಾಗ. ವಾರಕ್ಕೆ ಹನ್ನೊಂದು ಬೀದಿ ಸುತ್ತಿ ಪುಸ್ತಕ ಕೊಟ್ಟು ತೆಗೆದುಕೊಂಡು ಬರುತ್ತಿತ್ತು. ಅದರ ಡ್ರೈವರ್ ಮುಂದಿನ ತಿಂಗಳ ಕೊನೆಗೆ ನಿವೃತ್ತನಾಗುವವನಿದ್ದ. ಲೈಬ್ರರಿಯ ಮೇಡಂ ಎಲ್ಲರನ್ನೂ ಕರೆದು ಹೇಳಿದ್ದರು: ನಮ್ಮವರಲ್ಲೇ ಯಾರಾದರೂ ಅಷ್ಟರೊಳಗೆ ಲೈಸೆನ್ಸ್ ತಂದರೆ ವ್ಯಾನು ಅವರದು, ಇಲ್ಲದಿದ್ದರೆ ಕೇಂದ್ರ ಕಚೇರಿಯಿಂದ ಡ್ರೈವರನ್ನು ಕಳಿಸುತ್ತಾರೆ. ಆ ದಿನ ಸಂಜೆ ಅಕ್ಕ ಮಹಡಿ ಹತ್ತದೆ ನೇರ ತಮ್ಮನ ಅಡುಗೆಮನೆಗೆ ಬಂದಳು.

"ಇಪ್ಪತ್ತೆಂಟು ವರ್ಷ ಪಾದ ನೋಡಿದ್ದೀನಿ ಕಣೋ. ಇನ್ನು ಮುಖ ನೋಡ್ಬೇಕು" ಎಂದಳು. ಅಕ್ಕ ಯಾವತ್ತೂ ತನಗಾಗಿ ಏನನ್ನೂ ಕೇಳಿದವಳಲ್ಲ.

ಇದಕ್ಕೆ ಹಿಂದಿನದೊಂದು ಮಾತು ಹೇಳಬೇಕು. ಮೇಷ್ಟ್ರಿಗೆ ಚಿಕ್ಕಂದಿನಲ್ಲಿ ಮಗ್ಗಿ ಹತ್ತುತ್ತಿರಲಿಲ್ಲ. ಎರಡರ ಮಗ್ಗಿಯನ್ನೇ ಮೂರು ದಿನ ಹೇಳಿ ನಾಲ್ಕನೇ ದಿನ ಮರೆಯುವ ತಲೆ. ಶಾಲೆಯಲ್ಲಿ ದಡ್ಡ ಅಂತ ಬರೆದು ಕೈ ತೊಳೆದುಕೊಂಡಿದ್ದರು. ಆಗ ಇದೇ ಅಕ್ಕ ಅವರಿದ್ದ ಬಾಡಿಗೆ ಮನೆಯ ಹೊರಗಿನ ಕಲ್ಲಿನ ಮೆಟ್ಟಿಲಿನಲ್ಲಿ ತಮ್ಮನನ್ನು ನಿಲ್ಲಿಸಿ ಮಗ್ಗಿ ಹೇಳಿಸಿದಳು. ಒಂದು ಮೆಟ್ಟಿಲಿಗೆ ಒಂದು ಸಾಲು. ಸರಿ ಹೇಳಿದರೆ ಮುಂದಿನ ಮೆಟ್ಟಿಲು, ತಪ್ಪಿದರೆ ಕೆಳಗಿನಿಂದ ಮತ್ತೆ. "ನೆನಪು ಅನ್ನೋದು ದನ ಇದ್ದ ಹಾಗೆ ಕಣೋ, ಗೂಟ ಇಲ್ದಿದ್ರೆ ಎಲ್ಲೋ ಹೋಗುತ್ತೆ" ಎನ್ನುತ್ತಿದ್ದಳು ಹದಿಮೂರು ವರ್ಷದ ಹುಡುಗಿ. ಎಂಟನೇ ಮೆಟ್ಟಿಲಿನ ತುದಿ ಒಡೆದಿತ್ತು. ಇವತ್ತಿಗೂ ಮೇಷ್ಟ್ರು ಏಳೆಂಟ್ಲಿ ಎಷ್ಟು ಅಂತ ನೆನೆಸಿಕೊಳ್ಳಬೇಕಾದರೆ ಆ ಒಡೆದ ಕಲ್ಲು ಕಾಲಿಗೆ ತಾಗಬೇಕು, ಆಮೇಲೆಯೇ ಐವತ್ತಾರು ಬಾಯಿಗೆ ಬರುವುದು.

ಹಾಗಾಗಿ ಮೇಷ್ಟ್ರು ಅಕ್ಕನಿಗೆ ಮನಸ್ಸಿಟ್ಟು ಕಲಿಸಿದರು. ಬೆಳಿಗ್ಗೆ ಆರಕ್ಕೆ, ಹಳೇ ಮೈದಾನದ ಸುತ್ತ. ಅಕ್ಕ ಎರಡೇ ವಾರದಲ್ಲಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಗೇರ್ ಬದಲಿಸತೊಡಗಿದಳು. ಮೇಷ್ಟ್ರು ಹೆಂಡತಿಯೆದುರು ಹೊಗಳಿದ್ದೇ ಹೊಗಳಿದ್ದು. ಅಕ್ಕ ಆಗಲೇ ವ್ಯಾನು ಯಾವ ಬೀದಿಗೆ ಯಾವ ವಾರ ಹೋಗಬೇಕು ಎಂದು ಪಟ್ಟಿ ಬರೆದಿಟ್ಟಳು. ಮೇಷ್ಟ್ರ ಹೆಂಡತಿ ಅದನ್ನು ನೋಡಿ, "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿದ್ರಂತೆ" ಎಂದು ನಕ್ಕಳು.

ಮೊದಲ ಪರೀಕ್ಷೆಯಲ್ಲಿ ಅಕ್ಕ ಫೇಲು. ಪರವಾಗಿಲ್ಲ, ಭಯ ಎಂದರು ಮೇಷ್ಟ್ರು. ಎರಡನೇ ಪರೀಕ್ಷೆಯಲ್ಲೂ ಫೇಲು. ಈಗ ಮೇಷ್ಟ್ರ ಗ್ಯಾರಂಟಿಗೇ ಕುತ್ತು ಬಂತು. ಅದಕ್ಕಿಂತ ಹೆಚ್ಚಾಗಿ, ವಾಪಸು ಬರುವಾಗ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತದ್ದು ಅವರಿಗೆ ಸಂಕಟವಾಯಿತು.

"ಏನಾಯ್ತು ಅಕ್ಕಾ, ಹೇಳೇ."

"ಏನಾಯ್ತೋ ನಂಗೇ ಗೊತ್ತಿಲ್ಲ. ಹೊರಟೆ. ಗಾಡಿ ಹೋಗ್ತಾ ಇದೆ, ಕಿರುಚ್ತಾ ಇದೆ. ಗೇರ್ ಹಾಕ್ಬೇಕು ಅಂತ ತಲೆಗೆ ಗೊತ್ತಾಗ್ತಿದೆ, ಕಾಲು ಏಳ್ತಾನೇ ಇಲ್ಲ. ಯಾರೋ ಹೇಳ್ಲಿ ಅಂತ ಕಾಯ್ತಾ ಇರೋ ಹಾಗೆ."

"ಭಯ" ಎಂದರು ಮೇಷ್ಟ್ರು.

"ನಿನ್ನ ತಲೆ. ನಾನು ಯಾರಿಗಾದ್ರೂ ಹೆದರಿದ್ದು ನೋಡಿದ್ದೀಯಾ?"

ನೋಡಿರಲಿಲ್ಲ. ಮೇಷ್ಟ್ರಿಗೆ ಮೊದಲ ಬಾರಿಗೆ ತಮ್ಮ ಸಿದ್ಧಾಂತದ ಮೇಲೆ ಅನುಮಾನ ಬಂತು. ಮೂರನೇ ಪರೀಕ್ಷೆಗೆ ಸಿಕ್ಕಿದ ದಿನಾಂಕ ಇಪ್ಪತ್ತೆಂಟು. ಡ್ರೈವರ್ ಹೋಗುವುದು ಮೂವತ್ತಕ್ಕೆ. ಅದೂ ತಪ್ಪಿದರೆ ಅಕ್ಕನಿಗೆ ನಿವೃತ್ತಿಯವರೆಗೂ ಪಾದಗಳೇ ಗತಿ.

ಆ ವಾರವೇ ಮೇಷ್ಟ್ರ ದವಡೆ ಊದಿಕೊಂಡಿತು. ಹಲ್ಲಿನ ಡಾಕ್ಟರು ಎರಡು ಹಲ್ಲು ಕಿತ್ತು, ಬಾಯಿ ತುಂಬ ಹತ್ತಿ ತುರುಕಿ, ಮೂರು ದಿನ ನಾಲಿಗೆ ಅಲ್ಲಾಡಿಸಬೇಡಿ ಎಂದು ಕಳಿಸಿದರು. ಮೇಷ್ಟ್ರು ರಜೆ ಹಾಕುವ ಪೈಕಿಯಲ್ಲ. ಕೆನ್ನೆಗೆ ಮಫ್ಲರ್ ಸುತ್ತಿಕೊಂಡು ಮಾರನೇ ಬೆಳಿಗ್ಗೆ ಅಕ್ಕನ ಪಕ್ಕದಲ್ಲಿ ಕೂತರು.

ಅಕ್ಕ ಕಾರು ಹೊರಡಿಸಿದಳು. ಎಂಜಿನ್ನಿನ ದನಿ ಏರಿತು. ಇನ್ನೂ ಏರಿತು. ಮೈದಾನದ ಪಾರಿವಾಳಗಳು ಎದ್ದು ಹಾರಿದವು. ಅಕ್ಕ ಸ್ಟಿಯರಿಂಗ್ ಹಿಡಿದು ಕಲ್ಲಿನಂತೆ ಕೂತಿದ್ದಳು. ಮೇಷ್ಟ್ರು ಹತ್ತಿಯೊಳಗಿನಿಂದ "ಊಂ ಊಂ" ಎಂದು ಕೂಗಿ ಕೈ ತೋರಿಸಿದ ಮೇಲೆಯೇ ಅವಳ ಕಾಲು ಕ್ಲಚ್ ಒತ್ತಿದ್ದು. ಮೂರು ದಿನವೂ ಇದೇ ಕಥೆ. ಅವಳೊಬ್ಬಳೇ ಅಲ್ಲ. ಆ ಮೂರು ದಿನ ಬ್ಯಾಂಕಿನ ಗುಮಾಸ್ತೆ, ಹೂವಿನ ಅಂಗಡಿಯಾಕೆ, ಮಾತೇ ಆಡದ ಒಬ್ಬ ಬಡಗಿ, ಎಲ್ಲರೂ ಮೊದಲ ಗೇರಿನಲ್ಲೇ ಕಿರುಚಿಸಿಕೊಂಡು ಹೋದರು. ಎಲ್ಲರೂ ಮೇಷ್ಟ್ರ ಮಫ್ಲರನ್ನೇ ನೋಡುತ್ತಿದ್ದರು. ನಾಲ್ಕನೇ ದಿನ ಹತ್ತಿ ಹೋಯಿತು, ಊತ ಇಳಿಯಿತು, ಅಕ್ಕ ಮತ್ತೆ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಗೇರ್ ಬದಲಿಸಿದಳು.

ಊಟದ ಹೊತ್ತಿಗೆ ಮೇಷ್ಟ್ರು ಇದನ್ನು ಹೆಂಡತಿಯ ಮುಂದೆ ಹೇಳಿದರು. ಅಕ್ಕನೂ ಇದ್ದಳು. "ಏನು ಮಾಯವೋ ಏನೋ, ನನ್ನ ಬಾಯಿ ವಾಸಿಯಾದ್ರೆ ಇವಳ ಕಾಲು ವಾಸಿಯಾಗುತ್ತೆ."

ಹೆಂಡತಿ ಬಡಿಸುವ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. "ರೀ, ನಾನೊಂದು ಹೇಳ್ತೀನಿ, ಬೇಜಾರು ಮಾಡ್ಕೋಬಾರ್ದು. ನಿಮ್ಮನ್ನ ಹೊರಗೆ ಏನಂತ ಕರೀತಾರೆ ಗೊತ್ತಾ?"

"ಮೇಷ್ಟ್ರು ಅಂತಾರೆ."

"ಅದರ ಹಿಂದೆ?"

ಹೇಳಿದಳು. ಸದ್ದನ್ನೂ ಮಾಡಿ ತೋರಿಸಿದಳು. ಮೇಷ್ಟ್ರು ಮುಖ ಕೆಂಪು ಮಾಡಿಕೊಂಡು, ಸುಳ್ಳು, ನಾನು ಹಾಗೆಲ್ಲ ಮಾಡುವವನೇ ಅಲ್ಲ, ಬೇಕಾದರೆ ಈಗಲೇ ಬನ್ನಿ ಎಂದು ಕೈ ತೊಳೆದರು. ಮೂವರೂ ಕಾರು ಹತ್ತಿದರು. ಅಕ್ಕ ಸ್ಟಿಯರಿಂಗಿನಲ್ಲಿ, ಹೆಂಡತಿ ಹಿಂದೆ. ಕಾರು ಬೀದಿಯ ತಿರುವು ಮುಟ್ಟುವುದರೊಳಗೆ ಎಂಜಿನ್ನಿನ ದನಿ ಏರಿತು, ಮೇಷ್ಟ್ರ ಬಾಯಿ ಲೊಚ್ ಎಂದಿತು, ಅಕ್ಕನ ಕಾಲು ಕ್ಲಚ್ ಒತ್ತಿತು.

"ಕೇಳಿಸ್ತಾ?" ಎಂದಳು ಹೆಂಡತಿ ಹಿಂದಿನಿಂದ.

ಮೇಷ್ಟ್ರಿಗೆ ಕೇಳಿಸಿತು. ಒಮ್ಮೆ ಕೇಳಿಸಿದ ಮೇಲೆ ಮೂರನೇ ಗೇರಿಗೂ ಕೇಳಿಸಿತು, ನಾಲ್ಕನೆಯದಕ್ಕೂ ಕೇಳಿಸಿತು. ಇಪ್ಪತ್ತಾರು ವರ್ಷದ ಶಿಷ್ಯರೆಲ್ಲ ಅವರ ಕಣ್ಣ ಮುಂದೆ ಸಾಲಾಗಿ ನಿಂತು ಲೊಚ್ ಎಂದಂತಾಯಿತು. ಎಂಜಿನ್ ಮಾತಾಡಬೇಕು ಅಂತ ಊರಿಗೆಲ್ಲ ಸಾರಿ, ನಡುವೆ ತಾವೇ ಬಾಯಿ ಹಾಕಿದ್ದರು. ಅವರಿಗೆ ನಿಜಕ್ಕೂ ಅಳು ಬಂತು. "ನಿನ್ನ ಎರಡು ಸಲ ಫೇಲ್ ಮಾಡಿದ್ದು ನಾನೇ ಅಲ್ವೇನೇ ಅಕ್ಕಾ" ಎಂದರು.

ಅಕ್ಕ ಕಾರನ್ನು ಪಕ್ಕಕ್ಕೆ ನಿಲ್ಲಿಸಿದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ. ಒಡೆದ ಪುಸ್ತಕ ಎಲ್ಲಿ ಒಡೆದಿದೆ ಅಂತ ಗೊತ್ತಾದ ಸಮಾಧಾನ ಅವಳ ಮುಖದಲ್ಲಿತ್ತು. "ನಂಗೆ ಆ ಸದ್ದು ಕೇಳಿಸಿಯೇ ಇಲ್ಲ ನೋಡು. ಕಾಲಿಗೆ ಕೇಳಿಸಿದೆ" ಎಂದಳು. ಆಮೇಲೆ ಎದುರಿಗಿದ್ದ ಖಾಲಿ ಸೈಟನ್ನು ತೋರಿಸಿದಳು. ಹುಲ್ಲಿನ ನಡುವೆ ಓರೆಯಾಗಿ ಒಂದು ಕಾಲುದಾರಿ ಬಿದ್ದಿತ್ತು. "ಹೋದ ವರ್ಷ ಮೆದುಳಿನ ಬಗ್ಗೆ ಒಂದು ಪುಸ್ತಕಕ್ಕೆ ಬೆನ್ನು ಕೂರಿಸ್ತಾ ಅಲ್ಲಲ್ಲಿ ಓದಿದ್ದೆ. ಎರಡು ಸಂಗತಿ ಒಟ್ಟೊಟ್ಟಿಗೆ ಬರ್ತಾ ಇದ್ರೆ ತಲೆಯೊಳಗೆ ಅವುಗಳ ಮಧ್ಯೆ ಹೀಗೇ ದಾರಿ ಬೀಳುತ್ತಂತೆ. ಯಾರೂ ಗೆರೆ ಎಳೆಯಲ್ಲ, ಓಡಾಡಿ ಓಡಾಡಿ ಬೀಳುತ್ತೆ. ಯಾವುದು ಪಾಠ, ಯಾವುದು ಮೇಷ್ಟ್ರ ಚಾಳಿ ಅಂತ ಮೆದುಳು ಕೇಳಲ್ಲ ಕಣೋ."

"ಈಗ ಅದನ್ನ ಅಳಿಸೋದು ಹೇಗೆ?"

"ಅಳಿಸೋಕಾಗಲ್ಲ ಅಂತ ಬರೆದಿತ್ತು. ಇನ್ನೊಂದು ದಾರೀಲಿ ಓಡಾಡಬೇಕು. ಇದರ ಮೇಲೆ ಹುಲ್ಲು ಬೆಳೆಯುತ್ತೆ."

ಮಾತು ಬೆಳ್ಳಿ ಮೌನ ಬಂಗಾರ ಎನ್ನುವುದು ಹೇಳುವವರಿಗೆ ಸುಲಭ. ಮೇಷ್ಟ್ರು ಮಾರನೇ ದಿನದಿಂದ ಬಾಯಿಗೆ ಬೀಗ ಹಾಕಲು ಹೊರಟರು. ಹಲ್ಲು ಕಚ್ಚಿ ಕೂತರೆ ತುಟಿಯಿಂದ ಸದ್ದು ಬಂತು. ಕರವಸ್ತ್ರ ಕಚ್ಚಿದರೆ ಉಸಿರು ಕಟ್ಟಿತು. ಅವರ ನಾಲಿಗೆಗೂ ಎಂಜಿನ್ನಿಗೂ ನಡುವೆ ಬಿದ್ದಿದ್ದು ಕಾಲುದಾರಿಯಲ್ಲ, ಹೆದ್ದಾರಿ. ಕೊನೆಗೆ ಹೆಂಡತಿ ಒಂದು ಡಬ್ಬಿ ಲವಂಗ ಕೈಗಿತ್ತು, "ಹಲ್ಲು ನೋವಿಗೂ ಆಯ್ತು, ಹಲ್ಲಿ ನೋವಿಗೂ ಆಯ್ತು" ಎಂದಳು. ನಾಲಿಗೆಯ ಮೇಲೆ ಒಂದು ಲವಂಗ ಇಟ್ಟು ಅಂಗುಳಕ್ಕೆ ಒತ್ತಿ ಹಿಡಿದರೆ ಲೊಚ್ ಬರುವುದಿಲ್ಲ, ಬದಲಿಗೆ ಕಣ್ಣಲ್ಲಿ ನೀರು ಬರುತ್ತದೆ. ಆ ಹದಿನೈದು ದಿನ ಮೇಷ್ಟ್ರು ಶಿಷ್ಯರ ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತ ಕೂತಿರುತ್ತಿದ್ದರು. ಹೂವಿನ ಅಂಗಡಿಯಾಕೆ ತನ್ನ ಡ್ರೈವಿಂಗ್ ಅಷ್ಟು ಕೆಟ್ಟದಾಗಿದೆಯೇ ಎಂದು ಕೇಳಿಯೇಬಿಟ್ಟಳು.

ಮೇಷ್ಟ್ರ ಬಾಯೇನೋ ಮುಚ್ಚಿತು. ಅಕ್ಕನ ಕಾಲು ಮಾತ್ರ ಏಳಲಿಲ್ಲ. "ಎಂಜಿನ್ ಕೇಳು, ಎಂಜಿನ್ ಕೇಳು" ಎಂದು ಮೇಷ್ಟ್ರು ಕಾರು ನಿಂತಾಗ ಹೇಳುವರು. "ಕೇಳಿಸುತ್ತೆ ಕಣೋ, ಆದ್ರೆ ಅದು ನಂಗೆ ಏನೂ ಹೇಳ್ತಿಲ್ಲ. ಬರೀ ಗಲಾಟೆ" ಎನ್ನುವಳು ಅಕ್ಕ. ದಿನಾಂಕ ಇಪ್ಪತ್ತು ದಾಟಿತು. ಒಂದು ಸಂಜೆ ಅವಳು ಬೀದಿಗಳ ಪಟ್ಟಿಯನ್ನು ಮಡಚಿ ಡಬ್ಬಿಯೊಂದರ ಕೆಳಗೆ ಇಡುವುದನ್ನು ಮೇಷ್ಟ್ರು ಕಂಡರು. ಕಂಡೂ ಕಾಣದವರಂತೆ ಕೆಳಗಿಳಿದು ಬಂದರು.

ಇಪ್ಪತ್ತೆರಡನೇ ತಾರೀಕು ಅಕ್ಕ ಊಟದ ಡಬ್ಬಿ ಮನೆಯಲ್ಲೇ ಬಿಟ್ಟು ಹೋಗಿದ್ದಳು. ಮಧ್ಯಾಹ್ನ ಮೇಷ್ಟ್ರೇ ಅದನ್ನು ಲೈಬ್ರರಿಗೆ ಒಯ್ದರು. ಇಪ್ಪತ್ತೆಂಟು ವರ್ಷದಲ್ಲಿ ಅವರು ಆ ನೆಲಮಾಳಿಗೆಗೆ ಇಳಿದದ್ದು ಅದೇ ಮೊದಲು. ನಾಚಿಕೆಯ ಮಾತು, ಆದರೂ ನಿಜ. ಅಂಟಿನ ಹುಳಿವಾಸನೆ, ಹಳೇ ಕಾಗದದ ಧೂಳು, ಮೇಲಿನ ಕಿಟಕಿಯಲ್ಲಿ ಎರಡು ಜೊತೆ ಚಪ್ಪಲಿ ಹಾದುಹೋದವು. ಅಕ್ಕ ಮೂಲೆಯಲ್ಲಿದ್ದ ಕಬ್ಬಿಣದ ಪ್ರೆಸ್ಸಿನ ಮುಂದೆ ನಿಂತಿದ್ದಳು. ಅಂಟು ಹಚ್ಚಿದ ಪುಸ್ತಕಗಳನ್ನು ಹಲಗೆಯ ನಡುವೆ ಇಟ್ಟು, ಮೇಲಿನ ಚಕ್ರ ತಿರುಗಿಸಿ ಒತ್ತುವ ಯಂತ್ರ ಅದು. ಅವಳು ಚಕ್ರ ತಿರುಗಿಸುತ್ತಲೇ ತಮ್ಮನ ಕಡೆ ನೋಡಿ, "ಬಂದ್ಯಾ, ಅಲ್ಲಿ ಮೇಜಿನ ಮೇಲಿಡು, ಅಂಟಿದೆ ನೋಡ್ಕೊಂಡು" ಎನ್ನುತ್ತಿದ್ದಾಗ ಪ್ರೆಸ್ಸಿನ ತಿರುಪು ಸಣ್ಣಗೆ ನರಳಿತು. ಅವಳ ಕೈ ತಟ್ಟನೆ ಚಕ್ರ ಬಿಟ್ಟಿತು. ಮಾತು ನಿಲ್ಲಲಿಲ್ಲ, ಕಣ್ಣು ತಮ್ಮನ ಮೇಲೆಯೇ ಇತ್ತು, ಕೈ ಮಾತ್ರ ತನ್ನಷ್ಟಕ್ಕೆ ತಾನು ಬಿಟ್ಟಿತ್ತು.

"ಅಕ್ಕಾ, ಯಾಕೆ ಬಿಟ್ಟೆ?"

"ಏನನ್ನ?"

"ಚಕ್ರ."

ಅಕ್ಕ ತನ್ನ ಕೈಯನ್ನೇ ನೋಡಿಕೊಂಡಳು. "ನರಳಿತಲ್ಲ. ನರಳಿದ ಮೇಲೂ ತಿರುಗಿಸಿದ್ರೆ ಅಂಟು ಆಚೆ ಬಂದು ಹಾಳೆ ಎಲ್ಲ ಅಂಟಿಕೊಳ್ಳುತ್ತೆ. ಅದಕ್ಕೇ ಇನ್ನು ಸಾಕು ಅಂತ…"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಕ್ಕ ಮತ್ತೆ ಚಕ್ರ ಹಿಡಿದು ತಿರುಗಿಸಿದಳು, ಈ ಸಲ ಕಿವಿಗೊಟ್ಟು. ತಿರುಪಿನ ದನಿ ಊಂ ಎಂದು ಏರಿತು. ಮೇಷ್ಟ್ರು ಬಾಯಿ ತೆರೆದು ಮೊದಲ ಗೇರಿನ ಎಂಜಿನ್ನಿನಂತೆ ಊಂ ಎಂದು ಅದಕ್ಕೆ ದನಿ ಕೂಡಿಸಿದರು. ಮೇಲಿನಿಂದ ಲೈಬ್ರರಿಯ ಮೇಡಂ ಮೆಟ್ಟಿಲಿಳಿದು ಬಂದು ನೋಡಿದಾಗ, ನಡುವಯಸ್ಸು ದಾಟಿದ ಅಕ್ಕ ತಮ್ಮ ಇಬ್ಬರೂ ಕಬ್ಬಿಣದ ಪ್ರೆಸ್ಸಿನ ಎದುರು ನಿಂತು ಊಂ ಎನ್ನುತ್ತಿದ್ದರು. ಇಲ್ಲಿ ಸದ್ದು ಮಾಡಬಾರದು ಎಂಬ ಬೋರ್ಡು ಅವರ ತಲೆಯ ಮೇಲೆಯೇ ಇತ್ತು.

ಮಾರನೇ ಬೆಳಿಗ್ಗೆ ಮೈದಾನದಲ್ಲಿ ಮೇಷ್ಟ್ರು ಒಂದೇ ಮಾತು ಹೇಳಿದರು. "ಇದು ಕಾರಲ್ಲ. ಪ್ರೆಸ್ಸು. ನರಳಿದ್ರೆ ಬಿಡು." ಆಮೇಲೆ ಲವಂಗ ಇಟ್ಟುಕೊಂಡು ಹಿಂದಿನ ಸೀಟಿಗೆ ಹೋಗಿ ಕೂತರು. ಇಪ್ಪತ್ತಾರು ವರ್ಷದಲ್ಲಿ ಶಿಷ್ಯರ ಹಿಂದೆ ಕೂತದ್ದು ಅದೇ ಮೊದಲು. ಮುಂದಿನ ಸೀಟಿನಲ್ಲಿ ಮೇಷ್ಟ್ರಿಗೆಂದೇ ಇದ್ದ ಬ್ರೇಕು ಇಲ್ಲಿಲ್ಲದೆ ಅವರ ಪಾದ ಗಾಳಿಯನ್ನೇ ಒತ್ತುತ್ತಿತ್ತು. ಮೊದಲ ದಿನ ಹತ್ತಕ್ಕೆ ಮೂರು ಸಲ ಅಕ್ಕನ ಕಾಲು ಎದ್ದಿತು. ಎರಡನೇ ದಿನ ಹತ್ತಕ್ಕೆ ಆರು. ನಾಲ್ಕನೇ ದಿನ ಅವಳು ಏನೋ ಬೇರೆ ಮಾತಾಡುತ್ತಲೇ ಎರಡರಿಂದ ಮೂರಕ್ಕೆ ಹಾಕಿದಳು, ಹಾಕಿದ್ದು ಅವಳಿಗೇ ಗೊತ್ತಾಗಲಿಲ್ಲ. ಮೇಷ್ಟ್ರು ಹಿಂದಿನ ಸೀಟಿನಲ್ಲಿ ಕಣ್ಣೊರೆಸಿಕೊಂಡರು. ಅದು ಪೂರ್ತಿ ಲವಂಗದ್ದಲ್ಲ.

ಇಪ್ಪತ್ತೆಂಟನೇ ತಾರೀಕು ಬೆಳಿಗ್ಗೆ ಪರೀಕ್ಷೆಯ ಮೈದಾನದಲ್ಲಿ ಹಗ್ಗದ ಆಚೆ ಮೇಷ್ಟ್ರು ನಿಂತಿದ್ದರು. ಆತುರದಲ್ಲಿ ಲವಂಗದ ಡಬ್ಬಿ ಮನೆಯಲ್ಲೇ ಉಳಿದಿತ್ತು. ಕಾರು ದೂರದಲ್ಲಿದೆ, ಕಿಟಕಿ ಮುಚ್ಚಿದೆ, ನಾನು ಲೊಚ್ ಎಂದರೂ ಅವಳಿಗೆ ಕೇಳಿಸದು, ಪರವಾಗಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಅಕ್ಕ ಸ್ಟಿಯರಿಂಗಿನಲ್ಲಿ ಕೂತಳು. ಇನ್‌ಸ್ಪೆಕ್ಟರ್ ಸಾಹೇಬರು ಕನ್ನಡಿಯಲ್ಲಿ ಹಲ್ಲು ನೋಡಿಕೊಂಡು ಪಕ್ಕದಲ್ಲಿ ಕೂತರು.

ಕಾರು ಹೊರಟಿತು. ದನಿ ಏರತೊಡಗಿತು. ಮೇಷ್ಟ್ರ ಕೈ ಹಗ್ಗವನ್ನು ಬಿಗಿಯಾಗಿ ಹಿಡಿಯಿತು. ಇನ್ನೂ ಏರಿತು. ಈಗ, ಈಗ ಎನ್ನುವಷ್ಟರಲ್ಲಿ ಎಂಜಿನ್ನಿನ ದನಿ ತಟ್ಟನೆ ಇಳಿದು ಮೆತ್ತಗಾಯಿತು, ಕಾರು ಎರಡನೇ ಗೇರಿನಲ್ಲಿ ಮುಂದೆ ಸರಿಯಿತು. ಆಮೇಲೆ ಮೇಷ್ಟ್ರ ಬಾಯಿ ಲೊಚ್ ಎಂದಿತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವರ ನಾಲಿಗೆ ಹಿಂದೆ ಬಿದ್ದಿತ್ತು. ಪಕ್ಕದಲ್ಲಿ ನಿಂತಿದ್ದವರು ಯಾಕ್ರೀ ನಗ್ತೀರಿ ಎಂದು ಕೇಳಿದರು.

ಸಾಹೇಬರು ಕಾರಿನಿಂದಿಳಿದು ಕಾಗದಕ್ಕೆ ಸಹಿ ಹಾಕಿ, ಮೇಷ್ಟ್ರ ಹತ್ತಿರ ಬಂದು ಕಿವಿಯಲ್ಲಿ ಹೇಳಿದರು. "ನಿಮ್ಮಕ್ಕ ನನ್ನ ಬಾಯಿ ನೋಡ್ಲೇ ಇಲ್ಲ ಕಣ್ರೀ." ದನಿಯಲ್ಲಿ ಸ್ವಲ್ಪ ನಿರಾಸೆ ಇದ್ದಂತೆ ಕೇಳಿಸಿತು.

ಮುಂದಿನ ತಿಂಗಳ ಮೊದಲ ವಾರ ವ್ಯಾನು ಮೇಷ್ಟ್ರ ಬೀದಿಗೆ ಬಂತು. ಹೊಸ ಡ್ರೈವರ್ ಕೆಳಗಿಳಿದು ಹಿಂದಿನ ಬಾಗಿಲು ತೆರೆದು, ಮೂರು ಮೆಟ್ಟಿಲಿನ ಏಣಿ ಇಳಿಬಿಟ್ಟಳು. ಮೊದಲು ಹತ್ತಿದ್ದು ಆ ಮಾತೇ ಆಡದ ಬಡಗಿ. ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದು, ತೆರೆಯುವ ಮೊದಲು ಅದರ ಬೆನ್ನಿನ ಮೇಲೆ ಹೆಬ್ಬೆರಳು ಎಳೆದು, "ಯಾರು ಮಾಡಿದ್ದೋ, ಒಳ್ಳೇ ಕೆಲಸ" ಎಂದ. ಅಕ್ಕ ಅವನ ಮುಖ ನೋಡುತ್ತ ನಿಂತಿದ್ದಳು. ಅಷ್ಟು ಸಂತೋಷವಾಗಿ ಅವಳು ನಿಂತದ್ದನ್ನು ಮೇಷ್ಟ್ರು ಹಿಂದೆಂದೂ ಕಂಡಿರಲಿಲ್ಲ.

ಮುಂದಿನ ಬೀದಿಯವರೆಗೆ ಬರುತ್ತೇನೆ ಎಂದು ಮೇಷ್ಟ್ರೂ ಹತ್ತಿ ಪಕ್ಕದಲ್ಲಿ ಕೂತರು. ಬಾಯಲ್ಲಿ ಲವಂಗ ಇತ್ತು, ಈಗ ಅದು ಅಭ್ಯಾಸವಾಗಿತ್ತು. ವ್ಯಾನು ಹೊರಟಿತು. ಹಿಂದಿನಿಂದ ಅಂಟಿನ ವಾಸನೆ, ಹಳೇ ಕಾಗದದ ವಾಸನೆ. ಎಂಜಿನ್ನಿನ ದನಿ ಏರಿತು. ಅಕ್ಕನ ಕಾಲು ಎದ್ದಿತು, ಕೈ ಗೇರ್ ಎಳೆಯಿತು, ಗೇರ್ ಬಿದ್ದ ಮೇಲೆ ಅವಳ ಬಾಯಿಂದ ಸಣ್ಣಗೆ ಬಂತು: ಲೊಚ್.

ಮೇಷ್ಟ್ರು ತಿರುಗಿ ನೋಡಿದರು. ಅವಳಿಗೆ ಗೊತ್ತಾಗಿರಲಿಲ್ಲ. ನನ್ನ ಚಾಳಿ ಅಕ್ಕನಿಗೂ ಅಂಟಿತಲ್ಲ ಎಂದು ನಗು ಬರುವಷ್ಟರಲ್ಲಿ, ಕಾಲ ಕೆಳಗೆ ಒಡೆದ ಕಲ್ಲೊಂದು ತಾಗಿದಂತಾಯಿತು. ವ್ಯಾನಿನಲ್ಲಿ ಕಲ್ಲೆಲ್ಲಿಂದ ಬರಬೇಕು. ಅದು ಎಂಟನೇ ಮೆಟ್ಟಿಲು. ಕೆಳಗೆ ಪುಸ್ತಕ ಹಿಡಿದು ನಿಂತ ಅಕ್ಕ, ಮೇಲೆ ನಿಂತು ಐವತ್ತಾರು ಎಂದ ಅವರು, ಆಮೇಲೆ…

"ಅಕ್ಕಾ, ಮೆಟ್ಟಿಲ ಮೇಲೆ ಮಗ್ಗಿ ಹೇಳಿಸ್ತಿದ್ದೆಯಲ್ಲ. ನಾನು ಸರಿ ಹೇಳಿದ್ರೆ ನೀನೇನು ಮಾಡ್ತಿದ್ದೆ?"

"ಇನ್ನೇನು ಮಾಡ್ತಾರೆ? ಲೊಚ್ ಅಂತಿದ್ದೆ, ನೀನು ಮುಂದಿನ ಮೆಟ್ಟಿಲು ಹತ್ತುತಿದ್ದೆ. ಅದಿಲ್ದಿದ್ರೆ ನೀನೆಲ್ಲಿ ಹತ್ತುತಿದ್ದೆ, ಮೊದ್ದು."

ಅಂದವಳು ರಸ್ತೆ ನೋಡುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ಅವಳ ಭುಜ ನಗುವಿಗೆ ಅಲ್ಲಾಡತೊಡಗಿತು.

ಮೇಷ್ಟ್ರು ಕಿಟಕಿಯ ಕಡೆ ಬಾಗಿ ಬಾಯೊಳಗಿನ ಲವಂಗವನ್ನು ಉಗುಳಿದರು.

"ರಸ್ತೆಗೆ ಉಗುಳಬೇಡ್ವೋ" ಎಂದಳು ಅಕ್ಕ, ಮೂರನೇ ಗೇರ್ ಹಾಕುತ್ತ.